ಮಿದುಳಿನ ಫೋಟೋ ಮತ್ತು ಒಂದು ಬಂಡಿದಾರಿ

ಚಿತ್ತಾಪುರದ ಕೋರ್ಟಿನಲ್ಲಿ, ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದ ಮೇಲೆ ನಾನು 'ನೆನಪಿಲ್ಲ' ಎಂದೆ. ನನಗೆ ಎಲ್ಲವೂ ನೆನಪಿತ್ತು. ಈ ಬರಹಕ್ಕೆ ಕಾರಣ ಅಷ್ಟೇ. ಉಳಿದದ್ದು, ಅದು ಹೇಗಾಯಿತು ಎಂಬುದು.

ನಾನು ಮೆಟ್ರಿಕ್ ಓದಿದವನು. ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಕಾರ್ಖಾನೆಯಲ್ಲಿ ಕಲ್ಲು ಅಳೆಸಿ ಲಾರಿಗೆ ಹಾಕಿಸುವ ಕೆಲಸ ಮಾಡಿ, ವಯಸ್ಸಾದ ಮೇಲೆ ಮನೆಗೆ ಬಂದವನು. ನಮ್ಮ ಊರು ಚಿತ್ತಾಪುರಕ್ಕೆ ಹತ್ತಿರ. ರಸ್ತೆಗೆ ಹತ್ತಿಕೊಂಡು ನಮ್ಮ ಹೊಲ, ಅದರ ಹಿಂದೆ ಆಪಾನ ಹೊಲ. ಆಪಾ ಎಂದರೆ ನನ್ನ ಗೆಳೆಯನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೆ ಊರೆಲ್ಲ ಆಪಾ, ಅಂದರೆ ಅಕ್ಕ, ಎನ್ನುವುದರಿಂದ ನಾನೂ ಹಾಗೇ ಕರೆಯುತ್ತೇನೆ. ಆಕೆ ನನಗೆ ಅಣ್ಣಾ ಎನ್ನುತ್ತಾಳೆ. ಗೆಳೆಯ ತೀರಿಕೊಂಡು ಬಹಳ ವರ್ಷಗಳಾದವು. ಅಂದಿನಿಂದ ಹೊಲವನ್ನು ಆಕೆಯೇ ನಡೆಸುತ್ತಾಳೆ; ಪ್ರತಿ ವರ್ಷ ತೊಗರಿ ಹಾಕುತ್ತಾಳೆ.

ರಸ್ತೆಯಿಂದ ಆಪಾನ ಹೊಲಕ್ಕೆ ಹೋಗಲು ಇರುವುದು ಒಂದೇ ದಾರಿ, ನಮ್ಮ ಹೊಲದ ಬದುವಿನ ಗುಂಟ ಹೋಗುವ ಬಂಡಿದಾರಿ. ಅದು ಹುಟ್ಟಿದ್ದು ಒಂದು ಮಾತಿನಿಂದ. ನಮ್ಮ ಹೊಲದಲ್ಲಿ ಎಲ್ಲಿ ತೋಡಿದರೂ ಕಲ್ಲಿನ ಪದರ ಸಿಗುತ್ತಿತ್ತೇ ಹೊರತು ನೀರು ಸಿಗುತ್ತಿರಲಿಲ್ಲ. ಗೆಳೆಯನ ಹೊಲದ ಮೂಲೆಯಲ್ಲಿ ಸೆಲೆ ಇತ್ತು. ಅವನು ಆ ಮೂಲೆಯನ್ನು ನಮ್ಮ ಬಾವಿಗೆ ಬಿಟ್ಟುಕೊಟ್ಟ. ನಮ್ಮಪ್ಪ ಅವನಿಗೆ ಬದುವಿನ ಗುಂಟ ಬಂಡಿ ಹೊಡೆಯುವ ದಾರಿ ಬಿಟ್ಟುಕೊಟ್ಟರು. ಕಾಗದ ಮಾಡಲಿಲ್ಲ. ನಮ್ಮ ಕಡೆ ಆಗ ಹೊಲದ ಮಾತು ಬೆಲ್ಲದಿಂದ ಗಟ್ಟಿಯಾಗುತ್ತಿತ್ತು. ಬೆಲ್ಲದ ಹೆಂಟೆ ಮುರಿದು ಅಪ್ಪ, ಗೆಳೆಯ, ನಾನು ಮೂವರೂ ಬಾಯಿಗೆ ಹಾಕಿಕೊಂಡೆವು. ನನ್ನ ತಮ್ಮ ಆಗ ಇನ್ನೂ ಶಾಲೆಗೆ ಹೋಗುತ್ತಿದ್ದ, ಅಲ್ಲಿರಲಿಲ್ಲ. ಬೆಲ್ಲ ತಿಂದ ಮೂವರಲ್ಲಿ ಈಗ ಉಳಿದವನು ನಾನೊಬ್ಬ.

ಮೂರು ವರ್ಷದ ಹಿಂದೆ ಒಂದು ದಿನ ಶಹಾಬಾದಿಗೆ ಹಳೆಯ ಜೊತೆಗಾರನ ಮಗಳ ಮದುವೆಗೆ ಹೋಗಿ, ವಾಡಿಯಲ್ಲಿ ರೈಲು ಬದಲಿಸಿ ಊರಿಗೆ ಬರುತ್ತಿದ್ದೆ. ಚಿತ್ತಾಪುರದಲ್ಲಿ ಇಳಿಯಬೇಕಾದವನು ಇಳಿಯಲಿಲ್ಲ. ಸೇಡಂ ಸ್ಟೇಷನ್ನಿನ ಕಟ್ಟೆಯ ಮೇಲೆ ಕುಳಿತಿದ್ದೆ. ಯಾಕೆ ಅಲ್ಲಿಗೆ ಬಂದೆ ಎಂಬುದು ಸ್ವಲ್ಪ ಹೊತ್ತು ಹೊಳೆಯಲೇ ಇಲ್ಲ. ಚಹಾ ಮಾರುವವನು 'ಎಲ್ಲಿಗ್ರಿ ಕಾಕಾ?' ಎಂದಾಗ ಊರಿನ ಹೆಸರು ಬಾಯಿಗೆ ಬರಲು ತಡವಾಯಿತು. ಆಮೇಲೆ ಎಲ್ಲ ಸರಿಯಾಯಿತು, ಮುಂದಿನ ಗಾಡಿಗೆ ಮನೆಗೆ ಬಂದೆ. ಆದರೆ ಹೆಂಡತಿಯ ಮುಖ ಸಣ್ಣದಾಯಿತು. ನಮ್ಮಪ್ಪನಿಗೆ ಕೊನೆಗಾಲದಲ್ಲಿ ಅರಳುಮರಳಾಗಿತ್ತು. ಊಟ ಮಾಡಿ ಕೈತೊಳೆದು ಮತ್ತೆ ಊಟಕ್ಕೆ ಕೂಡುತ್ತಿದ್ದರು, ನನ್ನನ್ನು ಯಾರೋ ಪೊಲೀಸಿನವನು ಎಂದು ತಿಳಿದು ಕೈಮುಗಿಯುತ್ತಿದ್ದರು. ಅವರ ಸೇವೆ ಮಾಡಿದವಳು ಆಕೆಯೇ.

ತಮ್ಮ ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋದ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನನಗೆ ಗಂಡುಮಕ್ಕಳಿಲ್ಲ. ನನ್ನ ಹೆಣ್ಣುಮಕ್ಕಳ ಮದುವೆಯಿಂದ ಹಿಡಿದು ನನ್ನ ಕಣ್ಣಿನ ಆಪರೇಷನ್ನಿನವರೆಗೆ ಓಡಾಡಿದವನು ಅವನೇ. ನಮ್ಮಿಬ್ಬರ ಮನೆಗೂ ಗೋಡೆ ಒಂದೇ.

ಆಸ್ಪತ್ರೆಯಲ್ಲಿ ಬೀದರ್ ಕಡೆಯ ಒಬ್ಬ ಡಾಕ್ಟರಮ್ಮ ಇದ್ದರು. ಮೊದಲು ಕೆಲವು ಶಬ್ದ ಹೇಳಿ ನೆನಪಿಟ್ಟುಕೊಳ್ಳಿ ಎಂದರು, ಗಡಿಯಾರ ಬರೆಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. ಎಲ್ಲ ಮಾಡಿದೆ. ಆಮೇಲೆ ದೊಡ್ಡ ಕೊಳವೆಯಂಥ ಮಷಿನ್ನಿನಲ್ಲಿ ಮಲಗಿಸಿದರು. ಒಳಗೆ ಕಲ್ಲು ಕೊಯ್ಯುವ ಮಷಿನ್ನಿನಷ್ಟೇ ಸದ್ದು, ನನಗೆ ರೂಢಿಯಾದ ಸದ್ದೇ, ನಿದ್ದೆ ಬಂದಂತಾಯಿತು. ಇನ್ನೊಂದು ದಿನ ರಕ್ತನಾಳಕ್ಕೆ ಔಷಧಿ ಕೊಟ್ಟು ಬೇರೊಂದು ಸ್ಕ್ಯಾನ್ ತೆಗೆದರು. ಅದರಲ್ಲಿ ಮಿದುಳು ಬಣ್ಣಬಣ್ಣವಾಗಿ ಕಾಣುತ್ತಿತ್ತು.

ಡಾಕ್ಟರಮ್ಮ ಕಂಪ್ಯೂಟರಿನ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿ ನೋಡ್ರಿ ಕಾಕಾ, ಈ ಕೆಂಪು ಅದಲ್ಲ, ಅಲ್ಲಿ ಒಂದು ಥರದ ಕಸ ಕೂಡಾಕತ್ತದ. ಮರೆವು ಬರೋ ಎಷ್ಟೋ ವರ್ಷ ಮೊದಲೇ ಇದು ಕೂಡಾಕ ಶುರು ಆಗ್ತದ. ಎಷ್ಟು ಕೂಡ್ಯದ ಅಂತ ನೋಡಿ, ತ್ರಾಸು ಯಾವಾಗ ಕಾಣಸ್ಕೋಬಹುದು ಅಂತ ಒಂದು ಅಂದಾಜು ಮಾಡ್ತೀವಿ."

"ನಂದು ಯಾವಾಗ್ರಿ?"

"ನಾಕೈದು ವರ್ಷಕ್ಕ ಶುರು ಆಗಬಹುದು. ಅಂದಾಜು ಹಿಂದ ಮುಂದ ಆಗ್ತದ. ಕೆಲವ್ರಿಗೆ ಆಗೂದೇ ಇಲ್ಲ. ಇವತ್ತು ನಿಮ್ಮ ನೆನಪು ಛಲೋ ಅದ. ಸೇಡಂದಾಗ ಆಗಿದ್ದು ಹೊಸ ಬಿ.ಪಿ. ಗುಳಿಗಿದೂ ಇರಬಹುದು. ನಡೀರಿ, ಓದ್ರಿ, ಮಂದಿ ಕೂಡ ಮಾತಾಡ್ರಿ. ವರ್ಷಕ್ಕೊಮ್ಮೆ ಬಂದು ತೋರಿಸ್ರಿ."

ತಮ್ಮ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಅವನ ಕಿವಿಗೆ ಬಿದ್ದದ್ದು ಕೆಂಪು, ಕಸ, ಮರೆವು ಎಂಬ ಮಾತು ಮಾತ್ರ. ರೈಲಿನಲ್ಲಿ ಬರುವಾಗ ನನ್ನ ಹೆಂಡತಿಗೆ ಫೋನ್ ಮಾಡಿ, "ವೈನಿ, ಅಣ್ಣಗ ಅಪ್ಪಂದೇ ಬಂದದ. ಫೋಟೋದಾಗ ಬಂದದ," ಎಂದ. ನಾನು ಕಿಟಕಿ ನೋಡುತ್ತ ಕುಳಿತಿದ್ದೆ. ಅಲ್ಲ, ಇನ್ನೂ ಬಂದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆಗ ಅದರಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಮಾತಾಡುವ ಮನಸ್ಸು ಇರಲಿಲ್ಲ ಅಷ್ಟೇ.

ನಮ್ಮ ಕಡೆ ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಲು ಜನ ಬರುತ್ತಾರೆ. ಬ್ರೆಡ್ಡು, ಮೋಸಂಬಿ ತರುತ್ತಾರೆ. ಫಿಲ್ಮು ಇದ್ದರೆ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಎಲ್ಲರೂ ನೋಡಬೇಕು, ಇಲ್ಲವಾದರೆ ಬಂದವರಿಗೆ ಸಮಾಧಾನವಿಲ್ಲ. ಕಾಲು ಮುರಿದವರ ಎಕ್ಸ್‌ರೇಯಲ್ಲಿ ಮುರಿದದ್ದು ಕಾಣುತ್ತದೆ. ಹಾಗೆಯೇ ನನ್ನ ಮಿದುಳಿನ ಫಿಲ್ಮಿನಲ್ಲೂ ಕೆಟ್ಟುಹೋದದ್ದು ಕಂಡಿದೆ ಎಂದು ಎಲ್ಲರೂ ತಿಳಿದರು. ಮುಂದೆ ಆಗಬಹುದಾದದ್ದನ್ನೂ ಫೋಟೋ ತೆಗೆಯುತ್ತಾರೆ ಎಂಬುದು ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗೇ ಸರಿಯಾಗಿ ಹೋಗಿರಲಿಲ್ಲ.

ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು. "ನಾ ಯಾರು, ಗುರುತು ಹಿಡೀರಿ ನೋಡೋಣು." ಕಲ್ಲಿನ ಕಾರ್ಖಾನೆಯ ಜೊತೆಗಾರನೊಬ್ಬ ಎದುರು ಕುಳಿತು ಟೊಪ್ಪಿಗೆ ತೆಗೆದು ಕೇಳಿದ. "ಟೊಪ್ಪಿಗಿ ತಗದ್ರ ನಿನ್ನ ಹೆಂಡ್ತಿನೂ ಗುರುತು ಹಿಡಿಯಂಗಿಲ್ಲ, ಹಾಕ್ಕೋ," ಎಂದೆ. ಎಲ್ಲರೂ ನಕ್ಕರು. ಚಿಂಚೋಳಿಯಿಂದ ಹೆಂಡತಿಯ ಅಣ್ಣ ಬಂದಿದ್ದ, ಯಾವಾಗಲೂ ನನ್ನ ಓದಿನ ಬಗ್ಗೆ ಹಗುರಾಗಿ ಮಾತಾಡುವವನು. ಅವನು ಕೇಳಿದಾಗ ಸುಮ್ಮನೆ ಮುಖ ನೋಡಿ, "ಯಾರ್ರಿ ತಾವು? ವಿಮಾ ಮಾಡ್ಸಾಕ ಬಂದೀರೇನು?" ಎಂದೆ. ಅವನು ಕಣ್ಣಲ್ಲಿ ನೀರು ತಂದುಕೊಂಡ. ಹೆಂಡತಿ ಒಳಗಿನಿಂದ ನನ್ನನ್ನು ನೋಡಿದಳು. ಆಕೆಗೆ ಗೊತ್ತಾಯಿತೋ ಇಲ್ಲವೋ ತಿಳಿಯದು. ಮರೆತವನಂತೆ ಇರುವುದು ಎಷ್ಟು ಸುಲಭ ಎಂದು ನಾನು ಕಲಿತದ್ದು ಅಂದು, ತಮಾಷೆಯಲ್ಲಿ.

ಅದಾದ ಮೇಲಿನ ವರ್ಷ ಕಲ್ಲಿನ ಖಣಿ ಮಾಡುವವರು ಬಂದರು. ನಮ್ಮ ಹೊಲ, ಆಪಾನ ಹೊಲ ಎರಡೂ ಕೂಡಿದರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಆಪಾ ಒಲ್ಲೆ ಎಂದಳು. ತಮ್ಮ ಎರಡು ಸಲ ಹೋಗಿ ಕೇಳಿದ; ಮೂರನೆಯ ಸಲ ಕೇಳಲಿಲ್ಲ, ಬಂಡಿದಾರಿಗೆ ಅಡ್ಡ ತಂತಿಬೇಲಿ ಹಾಕಿಸಿದ. ಬಂಡಿ ಹೋಗದಿದ್ದರೆ ಬೀಜ ಹೋಗುವುದಿಲ್ಲ, ಗೊಬ್ಬರ ಹೋಗುವುದಿಲ್ಲ, ಬೆಳೆದದ್ದು ಹೊರಗೆ ಬರುವುದಿಲ್ಲ. ತಾನಾಗಿಯೇ ಮಾರುತ್ತಾಳೆ ಎಂಬುದು ಅವನ ಲೆಕ್ಕ. ಆಪಾ ಚಿತ್ತಾಪುರದಲ್ಲಿ ವಕೀಲರನ್ನು ಹಿಡಿದು ದಾವೆ ಹಾಕಿದಳು. ಸಾಕ್ಷಿಗೆ ನನ್ನ ಹೆಸರು ಕೊಟ್ಟಳು.

ಸಮನ್ಸ್ ಬರುವ ಮೊದಲೇ ಆಕೆ ಮನೆಗೆ ಬಂದಿದ್ದಳು. "ಅಣ್ಣಾ, ನಿಮ್ಮ ತಮ್ಮನ ವಿರುದ್ಧ ಹೇಳ್ರಿ ಅನ್ನಂಗಿಲ್ಲ ನಾ. ಆಗಿದ್ದು ಆದಂಗ ಹೇಳ್ರಿ, ಅಷ್ಟೇ ಸಾಕು," ಎಂದಳು. ನಾನು ಹೂಂ ಎಂದೆ.

ಆಕೆ ಹೋದ ಮೇಲೆ ತಮ್ಮ ಬಂದ. ಕೂಡಲಿಲ್ಲ, ಬಾಗಿಲಲ್ಲೇ ನಿಂತ.

"ಏನಂದ್ಲು ಆಪಾ?"

"ಇದ್ದದ್ದು ಹೇಳು ಅಂದ್ಲು."

"ನಿನಗೆಲ್ಲಿ ನೆನಪಿರ್ತದಣ್ಣ? ಡಾಕ್ಟರೇ ಹೇಳ್ಯಾರ. ನೀ ಸುಳ್ಳು ಹೇಳೂದೇನೂ ಬ್ಯಾಡ. ನೆನಪಿಲ್ಲ ಅನ್ನು, ಮುಗೀತು. ಯಾರೂ ನಿನಗ ತಪ್ಪು ಅನ್ನಂಗಿಲ್ಲ."

ಅವನು ಹೇಳಿದ್ದರಲ್ಲಿ ಕೊನೆಯ ಮಾತೇ ನನ್ನನ್ನು ಹಿಡಿಯಿತು. ಯಾರೂ ತಪ್ಪು ಅನ್ನುವುದಿಲ್ಲ. ತಮ್ಮನೂ ಉಳಿಯುತ್ತಾನೆ, ಆಪಾನೂ ಬಯ್ಯುವುದಿಲ್ಲ. ಇಬ್ಬರ ನಡುವೆ ನಿಲ್ಲುವ ಕಷ್ಟ ನನಗೆ ಇರುವುದಿಲ್ಲ. ನಾಕೈದು ವರ್ಷದ ಮೇಲೆ ಬರಬಹುದಾದ ರೋಗವನ್ನು ನಾನು ಆ ದಿನಕ್ಕೆ ಮುಂಗಡವಾಗಿ ತಂದುಕೊಂಡೆ.

ಕೋರ್ಟಿನಲ್ಲಿ ತಮ್ಮನ ವಕೀಲರು ನನ್ನ ಫಿಲ್ಮಿನ ಲಕೋಟೆಯನ್ನು ಜಡ್ಜ್ ಸಾಹೇಬರ ಮುಂದೆ ಇಟ್ಟರು. ಸಾಹೇಬರು ಚಿಕ್ಕ ವಯಸ್ಸಿನವರು. ನನ್ನನ್ನು ನೋಡಿ, "ಅಜ್ಜಾವ್ರಿಗೆ ಖುರ್ಚಿ ಕೊಡ್ರಿ," ಎಂದರು. ಆಪಾನ ವಕೀಲರು ದಾರಿಯ ಮಾತು ಕೇಳಿದರು, ಬಾವಿಯ ಮಾತು ಕೇಳಿದರು, ಬೆಲ್ಲದ ಮಾತೂ ಕೇಳಿದರು. ಎಲ್ಲದಕ್ಕೂ 'ನೆನಪಿಲ್ರಿ' ಎಂದೆ. ಖುರ್ಚಿಯಲ್ಲಿ ಕುಳಿತೇ ಎಂದೆ. ಆಪಾ ಹಿಂದಿನ ಬೆಂಚಿನಲ್ಲಿದ್ದಳು. ನಾನು ಆ ಕಡೆ ನೋಡಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಆಕೆ ನಿಂತಿದ್ದಳು. ಬಯ್ಯುತ್ತಾಳೆ ಎಂದುಕೊಂಡೆ. ಹತ್ತಿರ ಬಂದು, "ಅಣ್ಣಾ, ಇಷ್ಟು ಆಗ್ಯದ ಅಂತ ನಂಗ ಗೊತ್ತಿರಲಿಲ್ರಿ. ನಿಮ್ಮನ್ನ ಇಲ್ಲಿ ತನಕ ತಂದು ತಕಲೀಫ್ ಕೊಟ್ಟೆ. ಮಾಫ್ ಮಾಡ್ರಿ," ಎಂದಳು.

ನಾನು ಸಾಯುವವರೆಗೆ ಮರೆಯಬಾರದು ಎಂದುಕೊಂಡಿರುವ ಮಾತು ಅದು. ಮರೆಯಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಮುಂದಿನ ಶುಕ್ರವಾರ ಆಪಾ ಪೀರ್‌ಸಾಹೇಬರ ದರ್ಗಾಕ್ಕೆ ಹೋಗಿ ನನ್ನ ಹೆಸರಿನಲ್ಲಿ ಫಾತಿಹಾ ಓದಿಸಿ, ಪ್ರಸಾದದ ಸಕ್ಕರೆ ತಂದು ಕೊಟ್ಟಳು. ಅದರ ಮುಂದಿನ ಶುಕ್ರವಾರವೂ ಬಂದಳು. ಬಂದವಳು ನಮ್ಮ ಪಡಸಾಲೆಯಲ್ಲಿ ಕುಳಿತು ಹಳೆಯ ಸಂಗತಿಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಹಾಗೆ ಹೇಳುತ್ತಿದ್ದರೆ ನೆನಪು ತಿರುಗಿ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ಆಕೆಯ ಗಂಡ ಮತ್ತು ನಾನು ಸೈಕಲ್ಲಿನ ಮೇಲೆ ಶಹಾಬಾದಿಗೆ ಸಿನೆಮಾಕ್ಕೆ ಹೋದದ್ದು, ಆಕೆಯ ಮದುವೆಯಲ್ಲಿ ನಾನು ಬಿರಿಯಾನಿ ತಿನ್ನದೆ ಬರೀ ಬಾಳೆಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡದ್ದು. ನಾನು ಗೋಡೆ ನೋಡುತ್ತ ಕೇಳುತ್ತಿದ್ದೆ. ಹೆಂಡತಿ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು. ದಾವೆಯ ಮಾತನ್ನು ಆಪಾ ಒಮ್ಮೆಯೂ ಎತ್ತಲಿಲ್ಲ. ಬೇಲಿಯ ಆಚೆ ಆಕೆಯ ಹೊಲ ಆ ವರ್ಷ ಬಿತ್ತದೆ ಬಿದ್ದಿತ್ತು.

ಒಂದು ಶುಕ್ರವಾರ ಆಕೆಗೆ ಬೆಲ್ಲದ ದಿನದ ಮಾತು ಬಂತು. ಆಕೆ ಅಲ್ಲಿರಲಿಲ್ಲ, ಗಂಡನ ಬಾಯಿಂದ ಕೇಳಿದ್ದಷ್ಟೇ.

"ಅವತ್ತು ಭಾಳ ಮಳಿ ಅಂತ. ನಿಮ್ಮಪ್ಪಾರು ಛತ್ರಿ ಹಿಡ್ಕೊಂಡು ಬದುವಿನ ಮ್ಯಾಲ ನಿಂತಿದ್ರಂತ. ನಮ್ಮೋರು ಹೇಳ್ತಿದ್ರು."

"ಮಳಿ ಎಲ್ಲಿತ್ತು?" ಎಂದೆ. "ರಣಬಿಸಲು. ಅಪ್ಪ ಛತ್ರಿ ಹಿಡಿದಿದ್ದು ಬಿಸಲಿಗೆ. ಅದರ ಬಟ್ಟಿ ಹರಿದಿತ್ತು, ಬಿಸಲೆಲ್ಲ ತಲಿ ಮ್ಯಾಲೇ ಬೀಳ್ತಿತ್ತು. ನಿನ್ನ ಗಂಡ ನಕ್ಕಿದ್ದಕ್ಕ ಅಪ್ಪ ಅವಗ ಬೆಲ್ಲ ಸಣ್ಣ ಚೂರು ಕೊಟ್ರು."

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ತಿಳಿಯಿತು. ಆಪಾ ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣು ತುಂಬಿ, "ನೆನಪಾತೇನ್ರಿ ಅಣ್ಣಾ? ಯಾ ಅಲ್ಲಾ, ನನ್ನ ದುವಾ ಕೇಳ್ದ," ಎಂದಳು. ಒಳಗೆ ಹೆಂಡತಿ ಲಟ್ಟಣಿಗೆ ನಿಲ್ಲಿಸಿದಳು.

ಆ ಹೊತ್ತು ನನ್ನ ಮುಂದೆ ಒಂದು ಸುಲಭದ ದಾರಿ ಇತ್ತು, ಅದನ್ನೂ ಒಪ್ಪಿಕೊಳ್ಳಬೇಕು. ಹೌದು ಆಪಾ, ನಿನ್ನ ಪ್ರಾರ್ಥನೆಯಿಂದ ನೆನಪಾಯಿತು ಎಂದುಬಿಡಬಹುದಿತ್ತು. ಆಕೆಗೆ ಸಂತೋಷ, ನನಗೆ ಮಾನ. ನಾಳೆ ಕೋರ್ಟಿಗೆ ಹೋಗಿ ನೆನಪಾಯಿತು ಎಂದರೂ ಆಯಿತು. ಆದರೆ ಬಂದು ಹೋಗುವ ನೆನಪಿನ ಮುದುಕನ ಮಾತನ್ನು ಯಾವ ವಕೀಲ ನಿಲ್ಲಲು ಬಿಟ್ಟಾನು? ಇಂದು ನೆನಪು ಬಂದವನಿಗೆ ಇಲ್ಲದ್ದೂ ಇದ್ದಂತೆ ತೋರಿರಬಹುದು ಎನ್ನುತ್ತಾರೆ. ಆಪಾನ ದಾರಿ ಉಳಿಯಬೇಕಾದರೆ ನಾನು ಎಂದೂ ಮರೆತಿರಲಿಲ್ಲ ಎಂಬುದೇ ಹೊರಗೆ ಬರಬೇಕಿತ್ತು. ಅಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದೆ ಎಂದು ಹೇಳಬೇಕಿತ್ತು.

"ಆಪಾ, ನಾ ಮರ್ತಿರಲಿಲ್ಲ," ಎಂದೆ.

"ಹಾಂ?"

"ಕೋರ್ಟಿನಾಗನೂ ನೆನಪಿತ್ತು. ತಮ್ಮಗ ಹೆದರಿ ಇಲ್ಲ ಅಂದೆ. ಫೋಟೋದಾಗಿರೋದು ಮುಂದಿಂದು. ಈಗಿಂದಲ್ಲ."

ಆಕೆ ಚಹಾದ ಕಪ್ಪು ಕೆಳಗಿಟ್ಟಳು. ಎದ್ದು ಚಪ್ಪಲಿ ಹುಡುಕಿದಳು. ಆಮೇಲೆ, "ನಾ ಪೀರ್‌ಸಾಹೇಬರ ಮುಂದ ಕುಂತು ನಿಮ್ಮ ಸಲುವಾಗಿ ಅತ್ತೀನಿ," ಎಂದಳು. "ನನ್ನ ಗಂಡಗೂ ಹಿಂಗ ಬೇಡ್ಕೊಂಡಿರಲಿಲ್ಲ. ನಾ ಅಳೂದು ನೋಡ್ಕೋತ ಸಕ್ಕರಿ ತಿಂದ್ರೆಲ್ಲ ಅಣ್ಣಾ, ಹೆಂಗ ಗಂಟಲದಾಗ ಇಳೀತು?"

ಸಕ್ಕರೆ ಇಳಿದಿತ್ತು, ಅದೇ ನಿಜ.

ಆಕೆ ಹೋದ ಮೇಲೆ ಹೆಂಡತಿ ಬಂದು ಬಾಗಿಲ ಹತ್ತಿರ ಕುಳಿತಳು. ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ, "ನಮ್ಮಣ್ಣಗ ವಿಮಾದವ ಅಂದಾಗೇ ನಂಗ ಗೊತ್ತಾಗಿತ್ತು," ಎಂದಳು. "ಹೆದರಿಕಿ ಒಳಗ ಒಂದು ಖುಷಿನೂ ಇತ್ತು, ಇನ್ನೂ ನೆಟ್ಟಗದಾರ ಅಂತ. ಅದಕ್ಕ ಸುಮ್ಮನಿದ್ದೆ. ನಾನೂ ತಪ್ಪು ಮಾಡ್ದೆ."

ತಮ್ಮನಿಗೆ ಹೇಳಿದಾಗ ಅವನು ನಂಬಲೇ ಇಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, ಸಣ್ಣ ಹುಡುಗನಿಗೆ ಹೇಳಿದಂತೆ ಮೆತ್ತಗೆ ಹೇಳಿದ: "ಅಣ್ಣಾ, ಆಪಾ ವಾರಾ ವಾರಾ ಬಂದು ನಿನ್ನ ತಲ್ಯಾಗ ತುಂಬ್ಯಾಳ. ನಿನಗ ಅದು ಖರೇ ಅನಸಾಕತ್ತದ. ಅಪ್ಪಗೂ ಹಿಂಗೇ ಆಗಿತ್ತು." ಅವನು ನಾಟಕ ಮಾಡುತ್ತಿರಲಿಲ್ಲ. ನಿಜವಾಗಿಯೂ ಹಾಗೆ ತಿಳಿದಿದ್ದ. ನಾನು ಕೋರ್ಟಿನಲ್ಲಿ ಹೇಳಿದ್ದೂ ಅವನಿಗೆ ನಿಜವೇ ಆಗಿತ್ತು. ಊರಿನವರೂ ಹಾಗೇ ಅಂದರು. ನಾನು ಮರೆಮಾಡಿಕೊಂಡು ಅಡಗಿದ್ದ ಫಿಲ್ಮೇ ಈಗ ನನ್ನ ಬಾಯಿಗೆ ಅಡ್ಡವಾಗಿ ನಿಂತಿತು. ಏನು ಹೇಳಿದರೂ, ಪಾಪ, ಮುದುಕ, ಎನ್ನುತ್ತಿದ್ದರು.

ನಾನು ಒಬ್ಬನೇ ಹೈದರಾಬಾದಿನ ಗಾಡಿ ಹತ್ತಿದೆ. ಹೆಂಡತಿ ಬರುತ್ತೇನೆ ಎಂದಳು, ಬೇಡ ಎಂದೆ. ಒಬ್ಬನೇ ಹೋಗಿ ಬರುವುದೂ ಒಂದು ಸಾಕ್ಷಿ ಎನ್ನಿಸಿತ್ತು. ಸೇಡಂ ಸ್ಟೇಷನ್ ಬಂದಾಗ ಕಿಟಕಿಯಿಂದ ಆ ಕಟ್ಟೆಯನ್ನು ನೋಡಿದೆ, ಗಾಡಿ ಮುಂದೆ ಹೋಯಿತು. ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ, ನಗಲೂ ಇಲ್ಲ. ಮತ್ತೆ ಶಬ್ದ, ಗಡಿಯಾರ, ಲೆಕ್ಕ ಎಲ್ಲ ಮಾಡಿಸಿದರು.

"ನೋಡ್ರಿ ಕಾಕಾ, ಸ್ಕ್ಯಾನ್ ಸುಳ್ಳು ಹೇಳಿಲ್ಲ. ಕಸ ಅದ, ಸ್ವಲ್ಪ ಹೆಚ್ಚೇ ಆಗಿರಬಹುದು. ಆದ್ರ ನೀವು ಹಳೇ ಮಾತು ಖರೇ ಹೇಳಾಕತ್ತೀರೋ ಸುಳ್ಳೋ ಅಂತ ಯಾವ ಮಷಿನ್ನೂ ಹೇಳಂಗಿಲ್ಲ. ಇವತ್ತು ನಿಮ್ಮ ಬುದ್ಧಿ ನೆಟ್ಟಗದ ಅಂತ ನಾ ಬರದು ಕೊಡ್ತೀನಿ. ಉಳಿದಿದ್ದು ನೀವೇ ಹೇಳಬೇಕು." ಹೊರಡುವಾಗ, "ತಡ ಮಾಡಬ್ಯಾಡ್ರಿ," ಎಂದರು.

ಡಾಕ್ಟರಮ್ಮನ ಕಾಗದ ಹಿಡಿದು ಆಪಾನ ವಕೀಲರ ಹತ್ತಿರ ಹೋದೆ; ಅವರು ಅರ್ಜಿ ಹಾಕಿ ನನ್ನನ್ನು ಮತ್ತೆ ಕರೆಸಿದರು. ಈ ಸಲ ಖುರ್ಚಿ ಕೊಟ್ಟಾಗ ಬೇಡ ಎಂದು ನಿಂತೆ. ಹೇಳಬೇಕಾದದ್ದನ್ನು ಹೇಳಿದೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿಕ್ಷೆ ಆಗಬಹುದು, ಗೊತ್ತೇ ಎಂದು ಸಾಹೇಬರು ಕೇಳಿದರು. ಗೊತ್ತದ ಎಂದೆ. ಅವರ ದನಿಯಲ್ಲಿ ಮೊದಲಿನ ಮರುಕ ಇರಲಿಲ್ಲ. ಅದು ನನಗೆ ಒಂದು ರೀತಿಯ ಗೌರವದಂತೆ ಕಂಡಿತು.

ತಮ್ಮನ ವಕೀಲರು ಫಿಲ್ಮನ್ನು ಎತ್ತಿ ಹಿಡಿದರು. "ಅಜ್ಜಾ, ಇದರಾಗ ಏನು ಬರ್ದದ ಗೊತ್ತೇನು? ನೀವು ಎಲ್ಲಾ ಮರೀತೀರಿ ಅಂತ ಅದ."

"ಮರೀತೀನ್ರಿ ಸಾಹೇಬ್ರ," ಎಂದೆ. "ಅದಕ್ಕ ಇವತ್ತೇ ಬಂದೀನಿ."

ಹಿಂದೆ ಯಾರೋ ನಕ್ಕರು. ವಕೀಲರು ನಿನ್ನೆ ಏನು ಉಂಡಿರಿ ಎಂದು ಕೇಳಿದರು. ಪುಂಡಿಪಲ್ಯೆ, ಜೋಳದ ರೊಟ್ಟಿ ಎಂದೆ. ಆ ಉತ್ತರ ಸರಿಯೋ ತಪ್ಪೋ ನೋಡಲು ಅವರ ಹತ್ತಿರ ದಾರಿ ಇರಲಿಲ್ಲ. ತಮ್ಮ ಇಡೀ ಹೊತ್ತು ತನ್ನ ಕೈಗಳನ್ನು ನೋಡುತ್ತ ಕುಳಿತಿದ್ದ. ನಾನು ಛತ್ರಿಯ ಮಾತು ಹೇಳಿದಾಗ ಮಾತ್ರ ತಲೆ ಎತ್ತಿದ. ಆ ಹರಿದ ಛತ್ರಿಯನ್ನು ಶಾಲೆಗೆ ಒಯ್ದು ಹುಡುಗರ ಕೈಯಲ್ಲಿ ನಗಿಸಿಕೊಂಡವನು ಅವನು. ಅವನಿಗೆ ಆ ಗಳಿಗೆಯಲ್ಲಿ ನಾನು ಹುಚ್ಚನಲ್ಲ ಎಂದು ತಿಳಿಯಿತು ಎಂದು ನನ್ನ ಎಣಿಕೆ. ಅದಕ್ಕೇ ಅವನು ಆಮೇಲೆ ನನ್ನೊಡನೆ ಮಾತು ಬಿಟ್ಟದ್ದು. ತಲೆ ಕೆಟ್ಟವನ ಮೇಲೆ ಯಾರೂ ಸಿಟ್ಟು ಮಾಡುವುದಿಲ್ಲವಲ್ಲ.

ದಾವೆ ಇನ್ನೂ ಮುಗಿದಿಲ್ಲ. ನನ್ನ ಸುಳ್ಳಿನ ವಿಚಾರವೂ ಬಾಕಿ ಇದೆ. ಆದರೆ ತೀರ್ಪು ಬರುವವರೆಗೆ ಬಂಡಿದಾರಿ ತೆರೆದಿಡಬೇಕು ಎಂದು ಕೋರ್ಟು ಆಜ್ಞೆ ಮಾಡಿತು. ತಮ್ಮನೇ ಆಳುಗಳನ್ನು ಕಳಿಸಿ ಬೇಲಿ ಕೀಳಿಸಿದ. ಆಪಾ ಈ ವರ್ಷ ತೊಗರಿ ಬಿತ್ತಿದಳು.

ರಾಶಿಯಾದ ದಿನ ನಾನು ಬದುವಿನ ಮೇಲೆ ನಿಂತಿದ್ದೆ. ಚೀಲ ಹೇರಿದ ಟ್ರ್ಯಾಕ್ಟರು ದಾರಿಯ ಗುಂಟ ನಿಧಾನವಾಗಿ ಬಂತು, ಚೀಲಗಳ ಮೇಲೆ ಆಪಾ ಕುಳಿತಿದ್ದಳು. ನಾನು ಪಕ್ಕಕ್ಕೆ ಸರಿದು ನಿಂತೆ. ಡ್ರೈವರ್ ನನ್ನನ್ನು ನೋಡಿ ವೇಗ ಇಳಿಸಿದ. ಆಕೆ, "ಹೊಡಿಯಪ್ಪ, ಬಿಸಲಾಗಾಕತ್ತದ," ಎಂದಳು. ಅವನು ಹೊಡೆದ.

ಆಕೆ ನನ್ನ ಕಡೆ ನೋಡಲಿಲ್ಲ. ಟ್ರ್ಯಾಕ್ಟರು ರಸ್ತೆಗೆ ಹತ್ತಿ ಚಿತ್ತಾಪುರದ ಕಡೆ ತಿರುಗುವವರೆಗೆ ನಾನು ಅಲ್ಲೇ ನಿಂತಿದ್ದು, ಆಮೇಲೆ ಮನೆಗೆ ಬಂದು ಹೆಂಡತಿಗೆ, ಆಪಾನ ತೊಗರಿ ಹೋಯಿತು ಎಂದು ಹೇಳಿದೆ.